ಹೆರಿಗೆ ವಾರ್ಡಿನ ಗೋಡೆ ಮೇಲೆ ಯಾರ ಚಿತ್ರ ಇರಬೇಕು?

ಮಾನ್ಯ ಸಂಪಾದಕರೇ,

ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದ ಯಾರನ್ನೇ ಕೇಳಿ, ಸಿಮ್ಸ್ ಅನ್ನೋ ಹೆಸರು ಗೊತ್ತಿರುತ್ತದೆ. ಅದು ಅವರಿಗೆ ಒಂದು ಉಪಕರಣದ ಹೆಸರು. ಎರಡೂ ತುದಿ ಬಾತುಕೋಳಿ ಕೊಕ್ಕಿನ ಹಾಗೆ ಬಗ್ಗಿರುವ ಸ್ಟೀಲಿನ ಸ್ಪೆಕ್ಯುಲಮ್, ಅಂದರೆ ಯೋನಿಯನ್ನು ಅಗಲಿಸಿ ಒಳಗೆ ನೋಡುವ ಸಾಧನ. "ಸಿಸ್ಟರ್, ಸಿಮ್ಸ್ ಕೊಡಿ" ಅಂತ ಡಾಕ್ಟರು ಕೈ ಚಾಚೋದು, ನಾವು ಟ್ರೇಯಿಂದ ಎತ್ತಿ ಕೊಡೋದು, ಆಮೇಲೆ ತೊಳೆದು ಆಟೋಕ್ಲೇವ್‌ಗೆ ಹಾಕೋದು. ನಾನು ನಿವೃತ್ತಿಯಾಗುವ ತನಕ ಈ ಬೆಂಗಳೂರಿನಲ್ಲೇ ಇದನ್ನು ಮಾಡಿಕೊಂಡು ಬಂದವಳು. ರೋಗಿಯನ್ನು ಎಡ ಮಗ್ಗುಲಿಗೆ ಮಲಗಿಸಿ ಪರೀಕ್ಷೆ ಮಾಡುವ ರೀತಿಗೂ ಸಿಮ್ಸ್ ಪೊಸಿಷನ್ ಅಂತಲೇ ಹೆಸರು. ಈ ಸಿಮ್ಸ್ ಯಾರು ಅಂತ ನಮಗೆ ಟ್ರೈನಿಂಗ್‌ನಲ್ಲಿ ಯಾರೂ ಹೇಳಿಕೊಡಲಿಲ್ಲ. ಪರೀಕ್ಷೆಯಲ್ಲೂ ಕೇಳಲಿಲ್ಲ, ಹಾಗಾಗಿ ನಾವೂ ಕೇಳಲಿಲ್ಲ ಅನ್ನಿ.

ನಗರದಲ್ಲಿ ಈಗ ಎಲ್ಲೆಲ್ಲೂ ಗೋಡೆಗೆ ಚಿತ್ರ ಬರೆಸುವ ಉತ್ಸಾಹ ಕಾಣುತ್ತಿದೆ. ಫ್ಲೈಓವರ್ ಕಂಬ, ಮೆಟ್ರೋ ಗೋಡೆ, ಸರ್ಕಾರಿ ಶಾಲೆ ಕಾಂಪೌಂಡು. ಒಳ್ಳೆಯದೇ. ಆಸ್ಪತ್ರೆಗಳ ಸರದಿಯೂ ಬರುತ್ತದೆ. ಬರುವ ಮೊದಲೇ ಈ ಪತ್ರ ಬರೆಯೋಣ ಅನ್ನಿಸಿತು. ಸ್ವಲ್ಪ ಉದ್ದ ಆಗಬಹುದು, ಕತ್ತರಿಸುವುದಾದರೆ ದಯವಿಟ್ಟು ಕೊನೆಯ ಭಾಗ ಉಳಿಸಿ.

ಮೊದಲು ಆ ಸಿಮ್ಸ್ ಕಥೆ. ಜೆ. ಮರಿಯನ್ ಸಿಮ್ಸ್ ಅಮೆರಿಕದ ಡಾಕ್ಟರು. ಆಧುನಿಕ ಸ್ತ್ರೀರೋಗ ಚಿಕಿತ್ಸೆಯ ಪಿತಾಮಹ ಅಂತ ಬಿರುದು ಬೇರೆ. 1845ರಿಂದ 1849ರವರೆಗೆ ಅಲಬಾಮಾ ರಾಜ್ಯದ ಮಾಂಟ್‌ಗೊಮರಿ ಊರಲ್ಲಿ, ತನ್ನ ಮನೆ ಹಿಂದೆ ಕಟ್ಟಿಕೊಂಡ ಸಣ್ಣ ಆಸ್ಪತ್ರೆಯಲ್ಲಿ, ಗುಲಾಮ ಕಪ್ಪು ಹೆಂಗಸರ ಮೇಲೆ ಆಪರೇಷನ್ ಮಾಡಿ ಮಾಡಿ ವಿದ್ಯೆ ಕಲಿತವನು. ಕಾಯಿಲೆ ಯಾವುದು ಅಂದರೆ ಫಿಸ್ಟುಲಾ. ಹೆರಿಗೆ ದಿನಗಟ್ಟಲೆ ಮುಂದಕ್ಕೆ ಹೋಗದೆ ಮಗುವಿನ ತಲೆ ಒತ್ತಿ ಒತ್ತಿ ಒಳಗಿನ ಮಾಂಸ ಸತ್ತು, ಮೂತ್ರಕೋಶಕ್ಕೂ ಯೋನಿಗೂ ನಡುವೆ ತೂತು ಬೀಳುತ್ತದೆ. ಆಮೇಲೆ ಮೂತ್ರ ಸದಾ ಸೋರುತ್ತಲೇ ಇರುತ್ತದೆ. ಬಟ್ಟೆ ಒದ್ದೆ, ತೊಡೆ ಹುಣ್ಣು, ವಾಸನೆ. ಮನೆಯವರೇ ಹತ್ತಿರ ಸೇರಿಸಲ್ಲ. ಇದು ಎಂಥ ನರಕ ಅಂತ ಹತ್ತಿರದಿಂದ ನೋಡಿದವರಿಗೆ ಗೊತ್ತು. ಆ ಹೆಂಗಸರಿಗೆ ಚಿಕಿತ್ಸೆ ಬೇಕಿತ್ತು ಅನ್ನುವುದರಲ್ಲಿ ಎರಡು ಮಾತಿಲ್ಲ. ಸಿಮ್ಸ್ ಕೊನೆಗೆ ಬೆಳ್ಳಿ ತಂತಿಯ ಹೊಲಿಗೆ ಹಾಕಿ ಅದನ್ನು ವಾಸಿ ಮಾಡುವ ದಾರಿ ಕಂಡುಕೊಂಡಿದ್ದೂ ನಿಜ.

ಆದರೆ "ಬೇಡ" ಅನ್ನುವ ಹಕ್ಕು ಆ ಹೆಂಗಸರಿಗೆ ಇರಲಿಲ್ಲ. ಅವರು ಯಾರದೋ ಆಸ್ತಿ. ಮಾಲೀಕ ಒಪ್ಪಿದರೆ ಮುಗಿಯಿತು. ಆನಾರ್ಕ ಅನ್ನೋ ಹುಡುಗಿಗೆ ಸುಮಾರು 30 ಆಪರೇಷನ್ ಆಯಿತು. ಅರಿವಳಿಕೆ ಇಲ್ಲದೆ. 1846ರಲ್ಲೇ ಬಾಸ್ಟನ್‌ನಲ್ಲಿ ಈಥರ್ ಕೊಟ್ಟು ಆಪರೇಷನ್ ಮಾಡಿ ತೋರಿಸಿದ್ದರು. ಅದು ಹೊಸದು, ಡಾಕ್ಟರುಗಳಿಗೇ ಹೆದರಿಕೆ ಇತ್ತು ಅಂತ ಸಿಮ್ಸ್ ಪರ ಮಾತಾಡುವವರು ಹೇಳುತ್ತಾರೆ. ಇರಬಹುದು. ಆದರೆ ಅರಿವಳಿಕೆಯ ತಾಪತ್ರಯ ತೆಗೆದುಕೊಳ್ಳುವಷ್ಟು ನೋವು ಈ ಆಪರೇಷನ್‌ನಲ್ಲಿ ಇರಲ್ಲ ಅಂತ ಅವನೇ ಆಮೇಲೆ ಭಾಷಣದಲ್ಲಿ ಹೇಳಿದ್ದಾನೆ. ಲೂಸಿ ಅನ್ನುವ ಇನ್ನೊಬ್ಬಳು ನೋವಲ್ಲಿ ಸತ್ತೇ ಹೋಗುತ್ತಾಳೆ ಅಂದುಕೊಂಡಿದ್ದೆ ಅಂತ ತನ್ನ ಆತ್ಮಕಥೆಯಲ್ಲಿ ಬರೆದವನೂ ಅವನೇ. ಮೂರನೆಯವಳು ಬೆಟ್ಸಿ. ಉಳಿದವರ ಹೆಸರನ್ನು ಅವನು ಬರೆದಿಡಲೇ ಇಲ್ಲ.

ಓದುವಾಗ ನನ್ನನ್ನು ತಡೆದು ನಿಲ್ಲಿಸಿದ ವಿಷಯ ಬೇರೆ. ವರ್ಷಗಟ್ಟಲೆ ಕೈಗೂಡದೆ ಇದ್ದಾಗ ಸಹಾಯಕ್ಕೆ ಬರುತ್ತಿದ್ದ ಬಿಳಿ ಡಾಕ್ಟರುಗಳು ಒಬ್ಬೊಬ್ಬರಾಗಿ ಕೈ ಬಿಟ್ಟರು. ಆಗ ಸಿಮ್ಸ್ ಈ ಹೆಂಗಸರಿಗೇ ಕೆಲಸ ಕಲಿಸಿದ. ಇವತ್ತು ಮೇಜಿನ ಮೇಲೆ ಮಲಗಿದವಳು ನಾಳೆ ಇನ್ನೊಬ್ಬಳ ಕಾಲು ಹಿಡಿದು ನಿಲ್ಲುವುದು, ಉಪಕರಣ ಕೊಡುವುದು. ಅಂದರೆ ಆ ಸ್ಪೆಕ್ಯುಲಮ್ ಅನ್ನು ಮೊಟ್ಟಮೊದಲು ಡಾಕ್ಟರ ಕೈಗೆ ಎತ್ತಿ ಕೊಟ್ಟವರಲ್ಲಿ ಅವರೂ ಇದ್ದರು. ನಮ್ಮ ಕಸುಬಿನ ಹಿರಿಯರು ಅವರು. ಉಪಕರಣಕ್ಕೆ ಮಾತ್ರ ಅವನ ಹೆಸರು.

ಈಗ ಕಲೆಯ ವಿಷಯ. ಕಲೆ ಮೊದಲು ಯಾರ ಕಡೆ ನಿಂತಿತ್ತು ನೋಡಿ. ನ್ಯೂಯಾರ್ಕ್‌ನಲ್ಲಿ 1894ರಲ್ಲೇ ಸಿಮ್ಸ್ ಪ್ರತಿಮೆ ಎದ್ದಿತು. 1934ರಲ್ಲಿ ಅದನ್ನು ಸೆಂಟ್ರಲ್ ಪಾರ್ಕ್ ಗೋಡೆ ಪಕ್ಕಕ್ಕೆ ತಂದರು. ಎದುರಿಗೇ ವೈದ್ಯಕೀಯ ಅಕಾಡೆಮಿ. ಹೋಗುವ ಬರುವ ಡಾಕ್ಟರುಗಳಿಗೆಲ್ಲ ದಿನಾ ದರ್ಶನ. ಇನ್ನು ರಾಬರ್ಟ್ ಥಾಮ್ ಅನ್ನುವ ಕಲಾವಿದ 1950ರ ದಶಕದಲ್ಲಿ ಒಂದು ಔಷಧಿ ಕಂಪನಿಗೋಸ್ಕರ ವೈದ್ಯಕೀಯ ಇತಿಹಾಸದ ಚಿತ್ರಸರಣಿ ಬರೆದ. ಅದರ ಪ್ರಿಂಟುಗಳು ಅಲ್ಲಿನ ಕ್ಲಿನಿಕ್ಕು, ಔಷಧಿ ಅಂಗಡಿಗಳಲ್ಲೆಲ್ಲ ತೂಗಿದವು. ಅದರಲ್ಲಿ ಒಂದು ಸಿಮ್ಸ್ ಚಿತ್ರ. ಅವನು ಕೈಕಟ್ಟಿ ಗಂಭೀರವಾಗಿ ನಿಂತಿದ್ದಾನೆ. ಮೇಜಿನ ಮೇಲೆ ಮಂಡಿಯೂರಿ ಕೂತ ಕಪ್ಪು ಹುಡುಗಿ ಎದೆ ಮೇಲೆ ಕೈ ಇಟ್ಟುಕೊಂಡಿದ್ದಾಳೆ. ಇನ್ನಿಬ್ಬರು ಹೆಂಗಸರು ಪರದೆ ಸಂದಿಯಿಂದ ಇಣುಕುತ್ತಿದ್ದಾರೆ. ಎಲ್ಲ ಚೊಕ್ಕ, ಎಲ್ಲ ಶಾಂತ. ಒಂದು ಹನಿ ರಕ್ತ ಇಲ್ಲ.

ಮಿಶೆಲ್ ಬ್ರೌಡರ್ ಅನ್ನುವ ಕಪ್ಪು ಹೆಣ್ಣುಮಗಳು ಕಲಾ ವಿದ್ಯಾರ್ಥಿನಿಯಾಗಿದ್ದಾಗ ಈ ಚಿತ್ರ ನೋಡಿದಳು. ಅದು ತಲೆಯಲ್ಲಿ ಕೂತುಬಿಟ್ಟಿತು. ವರ್ಷಾನುಗಟ್ಟಲೆ ಆದಮೇಲೆ, 2021ರಲ್ಲಿ, ಅದೇ ಮಾಂಟ್‌ಗೊಮರಿಯಲ್ಲಿ ಆನಾರ್ಕ, ಬೆಟ್ಸಿ, ಲೂಸಿ ಮೂವರ ದೊಡ್ಡ ಶಿಲ್ಪಗಳನ್ನು ನಿಲ್ಲಿಸಿದಳು. ಸ್ತ್ರೀರೋಗ ಚಿಕಿತ್ಸೆಯ ತಾಯಂದಿರು ಅಂತ ಅದಕ್ಕೆ ಹೆಸರು. ಪಿತಾಮಹ ಅಂದವರಿಗೆ ಉತ್ತರ. ಕಂಚು, ಅಮೃತಶಿಲೆ ಏನಿಲ್ಲ, ಜನ ಎಸೆದ ಗುಜರಿ ಲೋಹ ಸೇರಿಸಿ ಬೆಸುಗೆ ಹಾಕಿದ್ದು. ಆನಾರ್ಕ ಹತ್ತಿರ ಹತ್ತಿರ 15 ಅಡಿ ಎತ್ತರ. ಅವಳ ಹೊಟ್ಟೆ ಜಾಗ ಖಾಲಿ, ಅಲ್ಲಿ ಒಂದು ಕೆಂಪು ಗುಲಾಬಿ ಮಾತ್ರ. ಗರ್ಭಕೋಶ ಬೇರೆಯಾಗಿ ಪಕ್ಕದಲ್ಲಿದೆ, ಅದರೊಳಗೆ ಕತ್ತರಿ, ಸೂಜಿ, ಗಾಜಿನ ಚೂರು. ನಾನು ಫೋಟೋದಲ್ಲಿ ನೋಡಿದ್ದು ಅಷ್ಟೇ. ಫೋಟೋ ನೋಡಿಯೇ ಕಿಬ್ಬೊಟ್ಟೆಯಲ್ಲಿ ಒಂಥರಾ ಆಯಿತು. ಥಾಮ್ ಚಿತ್ರದಲ್ಲಿ ಇಲ್ಲದೇ ಇದ್ದಿದ್ದು ಇದೇ ಅಲ್ವಾ.

ಬ್ರೌಡರ್ ಅಷ್ಟಕ್ಕೇ ನಿಲ್ಲಿಸಲಿಲ್ಲ. ಸಿಮ್ಸ್ ಆಪರೇಷನ್ ಮಾಡುತ್ತಿದ್ದ ಜಾಗವನ್ನೇ ಕೊಂಡು, ಅಲ್ಲಿ ಮ್ಯೂಸಿಯಂ ಮತ್ತು ತಾಯಂದಿರಿಗೆ ಕ್ಲಿನಿಕ್ ಮಾಡುವ ಕೆಲಸಕ್ಕೆ ಇಳಿದಳು. ನನಗೆ ಶಿಲ್ಪಕ್ಕಿಂತ ಇದೇ ಜಾಸ್ತಿ ಹಿಡಿಸಿತು. ಇನ್ನು ಆ ನ್ಯೂಯಾರ್ಕ್ ಪ್ರತಿಮೆ. 2017ರಲ್ಲಿ ಕಪ್ಪು ಯುವತಿಯರು ಆಸ್ಪತ್ರೆ ಗೌನ್ ಹಾಕಿಕೊಂಡು, ಹೊಟ್ಟೆಯಿಂದ ಕೆಳಗೆ ಕೆಂಪು ಬಣ್ಣ ಬಳಿದುಕೊಂಡು ಅದರ ಮುಂದೆ ನಿಂತರು. ಮರುವರ್ಷ ಏಪ್ರಿಲ್‌ನಲ್ಲಿ ಪ್ರತಿಮೆ ಪೀಠದಿಂದ ಇಳಿಯಿತು. ಎಷ್ಟು ವರ್ಷದ ಅರ್ಜಿ, ಲೇಖನ, ಸಭೆಗಳ ನಂತರ! ಅವೆಲ್ಲ ವ್ಯರ್ಥ ಅಂತಲ್ಲ. ಆದರೆ ಆ ಗೌನುಗಳ ಫೋಟೋ ನೋಡಿದ ಮೇಲೆ "ಆ ಕಾಲ ಹಾಗಿತ್ತು ಬಿಡಿ" ಅನ್ನುವುದು ಕಷ್ಟವಾಯಿತು.

ಇನ್ನೊಂದು ಚಿತ್ರದ ಬಗ್ಗೆ ಹೇಳಿಬಿಡುತ್ತೇನೆ. ಹೆನ್ರಿಯೆಟಾ ಲ್ಯಾಕ್ಸ್ ಗರ್ಭಕೊರಳಿನ ಕ್ಯಾನ್ಸರ್ ಆಗಿ 1951ರಲ್ಲಿ ತೀರಿಕೊಂಡ ಕಪ್ಪು ಹೆಂಗಸು. ಅವಳನ್ನು ಕೇಳದೆ ತೆಗೆದಿಟ್ಟ ಜೀವಕೋಶಗಳು ಇವತ್ತಿಗೂ ಜಗತ್ತಿನ ಲ್ಯಾಬುಗಳಲ್ಲಿ ಬೆಳೆಯುತ್ತಿವೆ. ಅವಳ ಹೆಸರಿನಿಂದಲೇ ಅವಕ್ಕೆ ಹೀಲಾ ಅಂತ ಹೆಸರು, ಬೆಂಗಳೂರಿನ ಲ್ಯಾಬುಗಳಲ್ಲೂ ಹೀಲಾ ಅಂದರೆ ಗೊತ್ತಿಲ್ಲದವರಿಲ್ಲ. 2017ರಲ್ಲಿ ಕದೀರ್ ನೆಲ್ಸನ್ ಅವಳ ಭಾವಚಿತ್ರ ಬರೆದ. ಹೂವಿನ ಗೌನು, ಹ್ಯಾಟು, ಕೈಯಲ್ಲಿ ಬೈಬಲ್, ಮುಖದಲ್ಲಿ ನಗು. ಹತ್ತಿರ ಹೋಗಿ ನೋಡಿದರೆ ಗೌನಿನಲ್ಲಿ ಎರಡು ಗುಂಡಿ ಇಲ್ಲ. ತೆಗೆದುಕೊಂಡು ಹೋದ ಜೀವಕೋಶಗಳಿಗೆ ಅದು ಗುರುತು. ಹೆಚ್ಚು ಮಾತಿಲ್ಲ, ಎರಡು ಗುಂಡಿ ಅಷ್ಟೇ.

ಅಮೆರಿಕದ ಕಥೆ ನಮಗ್ಯಾಕೆ, ಅದೂ ಹಳೆಯದು ಅಂತ ಕೆಲವರು ಕೇಳಬಹುದು. ಹಳೆಯದಲ್ಲ. 2023ರಲ್ಲೂ ಆ ದೇಶದಲ್ಲಿ ಒಂದು ಲಕ್ಷ ಹೆರಿಗೆಗೆ ಬಿಳಿ ತಾಯಂದಿರು 14.5ರ ಲೆಕ್ಕದಲ್ಲಿ ಸತ್ತರೆ ಕಪ್ಪು ತಾಯಂದಿರು 50.3ರ ಲೆಕ್ಕದಲ್ಲಿ ಸತ್ತಿದ್ದಾರೆ. ಸರ್ಕಾರದ್ದೇ ಅಂಕಿ. 2016ರಲ್ಲಿ ವರ್ಜೀನಿಯಾದ ಒಂದು ಅಧ್ಯಯನದಲ್ಲಿ ಬಿಳಿ ಮೆಡಿಕಲ್ ವಿದ್ಯಾರ್ಥಿಗಳು, ಕಿರಿಯ ಡಾಕ್ಟರುಗಳನ್ನು ಕೇಳಿದಾಗ, ಕಪ್ಪು ಜನರ ಚರ್ಮ ದಪ್ಪ ಅನ್ನುವಂಥ ಸುಳ್ಳುಗಳಲ್ಲಿ ಒಂದನ್ನಾದರೂ ಅರ್ಧದಷ್ಟು ಜನ ನಂಬಿದ್ದರು. ಹಾಗೆ ನಂಬಿದವರು ಕಪ್ಪು ರೋಗಿಗಳ ನೋವನ್ನು ಕಡಿಮೆ ಅಂದಾಜು ಮಾಡಿದ್ದರು.

ಇಲ್ಲಿಗೆ ಬರೋಣ. ನಮ್ಮಲ್ಲಿ ಆ ಥರದ ಜನಾಂಗದ ಲೆಕ್ಕ ಇಲ್ಲ, ನಿಜ. ಜಾತಿ ಇದೆ, ಬಣ್ಣ ಇದೆ, ಊರು ಇದೆ, ಆಡುವ ಮಾತು ಇದೆ. ಎರಡೂ ಒಂದೇ ಅಂತ ನಾನು ಹೇಳುವುದಿಲ್ಲ. ಆದರೆ "ಇವರಿಗೆ ಅಷ್ಟು ನೋವಾಗಲ್ಲ" ಅನ್ನುವ ಮಾತು ನಾನು ಇದೇ ನಗರದಲ್ಲಿ ಕೇಳಿದ್ದೇನೆ. ಯಾದಗಿರಿ ಕಡೆಯಿಂದ ಗುಳೆ ಬಂದು, ಕಟ್ಟಡದ ಪಕ್ಕ ತಗಡಿನ ಶೆಡ್‌ನಲ್ಲಿ ಇದ್ದ ಹೆಂಗಸು. ಚೊಚ್ಚಲ ಹೆರಿಗೆ, ಕೆಳಗೆ ಕತ್ತರಿಸಿದ್ದ ಜಾಗಕ್ಕೆ ಹೊಲಿಗೆ ಹಾಕಬೇಕಿತ್ತು. ಅವಳು ಸೀರೆ ಸೆರಗು ಬಾಯಿಗೆ ತುರುಕಿಕೊಂಡು "ಯವ್ವಾ, ಸಾಕ್ರೀ" ಅಂತಿದ್ದಳು. "ಲಿಗ್ನೋಕೇನ್ ಕೊಡ್ಲಾ ಡಾಕ್ಟ್ರೇ?" ಅಂದೆ, ಜಾಗ ಮರಗಟ್ಟಿಸುವ ಇಂಜೆಕ್ಷನ್ ಅದು. "ಬೇಡ ಸಿಸ್ಟರ್, ಎರಡೇ ಹೊಲಿಗೆ, ಇವರೆಲ್ಲ ಗಟ್ಟಿ ಜನ, ಹೊಲದಲ್ಲೇ ಹೆರೋರು" ಅಂದರು. ಕೆಟ್ಟ ಮನುಷ್ಯ ಏನಲ್ಲ, ರಾತ್ರಿಯಿಡೀ ಡ್ಯೂಟಿ ಮಾಡಿದ್ದ ಹುಡುಗ. ನಾನು ಸಿರಿಂಜ್‌ಗೆ ತುಂಬಿ ಕೈಗಿಟ್ಟೆ. ಆಮೇಲೆ ಕೊಟ್ಟರು. ಪಕ್ಕದ ಮೇಜಿನಲ್ಲಿ ಇಂಗ್ಲಿಷ್ ಮಾತಾಡುವ ಹೆಣ್ಣುಮಗಳು ಇದ್ದಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ.

ದೊಡ್ಡ ಪ್ರಮಾಣದಲ್ಲಿ ನೋಡಬೇಕೇ? ಕಲಬುರಗಿ ನೋಡಿ. 2015ರ ಆಸುಪಾಸಿನಲ್ಲಿ ಹೊರಗೆ ಬಂದ ಪ್ರಕರಣ. ಕೆಲವು ಖಾಸಗಿ ಆಸ್ಪತ್ರೆಗಳಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಹೆಂಗಸರ ಗರ್ಭಕೋಶ ತೆಗೆದಿದ್ದರು. ಅವರಲ್ಲಿ ತಾಂಡಾಗಳ ಲಂಬಾಣಿ ಹೆಂಗಸರು, ದಲಿತ ಹೆಂಗಸರು ಬಹಳ. ಎಷ್ಟೋ ಜನರಿಗೆ ನಲವತ್ತೂ ಆಗಿರಲಿಲ್ಲ. ಬಿಳಿಸೆರಗು, ಸೊಂಟನೋವು ಅಂತ ಹೋದವರಿಗೆ "ಗರ್ಭಕೋಶ ಕೆಟ್ಟಿದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತೆ" ಅಂತ ಹೆದರಿಸಿದ್ದು. ಬಿಳಿಸೆರಗಿಗೆ ಮಾತ್ರೆ ಇದೆ ಸ್ವಾಮಿ, ನಮ್ಮ ಪಿಎಚ್‌ಸಿಯಲ್ಲೇ ಸಿಗುತ್ತದೆ. ಆಪರೇಷನ್‌ಗೆ ಸಾಲ ಮಾಡಿದವರು, ಮೂಗುತಿ ಅಡವಿಟ್ಟವರು, ಆಮೇಲೆ ಬಗ್ಗಿ ಕಳೆ ಕೀಳಲಾರದೆ ಕೂಲಿ ಕಳಕೊಂಡವರು. ಜನಾರೋಗ್ಯ ಚಳವಳಿಯವರು, ಆ ಹೆಂಗಸರು ಸೇರಿ ಬೀದಿಗೆ ಬಂದರು, ತನಿಖೆ ಆಯಿತು, ವರದಿ ಬಂತು. 2023ರಲ್ಲಿ ಸುಪ್ರೀಂ ಕೋರ್ಟು ಬೇಡದ ಗರ್ಭಕೋಶ ಆಪರೇಷನ್ ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿ ಮಾಡಿ ಅಂತ ಹೇಳಿತು. ಸರಿ. ಆದರೆ ಬೆಂಗಳೂರಿನಲ್ಲಿ ಹತ್ತು ಜನರನ್ನು ನಿಲ್ಲಿಸಿ ಈ ವಿಷಯ ಕೇಳಿ. ಎಷ್ಟು ಜನ ಹೇಳುತ್ತಾರೆ?

2014ರಲ್ಲಿ ಛತ್ತೀಸಗಡದ ಬಿಲಾಸಪುರದ ಕ್ಯಾಂಪಿನಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಮಕ್ಕಳಾಗದ ಆಪರೇಷನ್ ಮಾಡಿ, ಹತ್ತಕ್ಕೂ ಹೆಚ್ಚು ಜನ ಸತ್ತಿದ್ದೂ ಮರೆತೇಹೋಗಿದೆ. 2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ತಾಯಿ ಕಾರ್ಡ್, ಆಧಾರ್ ಇಲ್ಲ ಅಂತ ಆಸ್ಪತ್ರೆಯವರು ವಾಪಸ್ ಕಳಿಸಿದ ತಮಿಳುನಾಡು ಮೂಲದ ಬಡ ಹೆಂಗಸು ಮನೆಯಲ್ಲೇ ಹೆತ್ತು ಅವಳಿ ಕೂಸುಗಳ ಜೊತೆ ತೀರಿಕೊಂಡಳು. ಆಗ ನಿಮ್ಮ ಪತ್ರಿಕೆಗಳಲ್ಲೆಲ್ಲ ಬಂತು. ಒಂದು ವಾರ.

ಈಗ ನಮ್ಮ ಹೆರಿಗೆ ವಾರ್ಡಿನ ಗೋಡೆ ನೋಡಿ. ಸರ್ಕಾರಿ ಆಸ್ಪತ್ರೆ ಇರಲಿ, ನರ್ಸಿಂಗ್ ಹೋಮ್ ಇರಲಿ, ಅಲ್ಲೊಂದು ಪಾಪು ಫೋಟೋ ಇದ್ದೇ ಇರುತ್ತದೆ. ನೀಲಿ ಕಣ್ಣು, ಹಾಲಿನ ಬಿಳುಪು, ಚಿನ್ನದ ಬಣ್ಣದ ಕೂದಲು, ತಲೆಗೊಂದು ಉಣ್ಣೆ ಟೋಪಿ. ಫಾರ್ಮಾ ಕಂಪನಿಯ ಕ್ಯಾಲೆಂಡರು, ಇಲ್ಲಾ ಗಾಂಧಿನಗರದ ಕಡೆ ಫುಟ್‌ಪಾತಿನಲ್ಲಿ ಸಿಗುವ ಪೋಸ್ಟರು. ಬಸುರಿಯರು ನೋಡಲಿ ಅಂತಲೇ ಹಾಕಿರೋದು! ಮನೆಯಲ್ಲಿ ಅತ್ತೆ ಕೇಸರಿ ಹಾಲು ಕೊಡುತ್ತಾರೆ, ಇಲ್ಲಿ ಆಸ್ಪತ್ರೆ ಫೋಟೋ ತೋರಿಸುತ್ತದೆ. ಹುಟ್ಟಿದ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದಾಗ "ಬಣ್ಣ ಸ್ವಲ್ಪ ಕಮ್ಮಿ ಅಲ್ವಾ" ಅನ್ನುವ ಅಜ್ಜಿಯರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹೆತ್ತವಳು ಒಳಗೆ ಇನ್ನೂ ಮೇಜಿನ ಮೇಲೇ ಇರುತ್ತಾಳೆ. ಯಾರ ಮೈ ಅಂದ, ಯಾರ ನೋವು ನೋವು ಅನ್ನುವ ಪಾಠ ಗೋಡೆಯಿಂದಲೇ ಶುರುವಾಗುತ್ತಿದೆ. ಹಾಗಾಗಿ ಆಸ್ಪತ್ರೆಗೆ ಕಲೆ ಯಾಕೆ ಬೇಕು ಅಂತ ಯಾರೂ ಕೇಳಬೇಡಿ. ಕಲೆ ಆಗಲೇ ಅಲ್ಲಿ ಇದೆ. ಯಾರದ್ದು ಅನ್ನೋದೇ ಪ್ರಶ್ನೆ.

ನನ್ನ ಕೇಳಿಕೆ ಇಷ್ಟು. ಕಲಬುರಗಿಯ ಆ ತಾಂಡಾಗಳ ಹೆಂಗಸರಿಂದಲೇ, ಅವರ ಕಸೂತಿಯಲ್ಲೇ, ಅವರ ಕಥೆ ಮಾಡಿಸಿ. ಲಂಬಾಣಿ ಕೆಲಸ ಗೊತ್ತಲ್ವಾ, ಬಟ್ಟೆ ತುಂಡುಗಳ ಜೋಡಣೆ, ಕನ್ನಡಿ ಬಿಲ್ಲೆ, ಕವಡೆ, ನಾಣ್ಯ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. 2023ರಲ್ಲಿ ಹಂಪಿಯ ಜಿ20 ಸಭೆ ವೇಳೆ ಅದನ್ನು ಒಂದೇ ಕಡೆ ಪ್ರದರ್ಶನಕ್ಕಿಟ್ಟು ಗಿನ್ನೆಸ್ ದಾಖಲೆಯನ್ನೂ ಮಾಡಿದೆವು. ಕೈಕೆಲಸಕ್ಕೆ ದಾಖಲೆ ಕೊಡಿಸಿದೆವು, ಆ ಕೈಗಳವರ ಹೊಟ್ಟೆಗೆ ಏನಾಯಿತು ಅಂತ ಕೇಳಲಿಲ್ಲ. ಬ್ರೌಡರ್ ಗುಜರಿ ಕಬ್ಬಿಣದಲ್ಲಿ ಮಾಡಿದ್ದನ್ನು ಇವರು ತಮ್ಮ ಕಾಂಚಳಿ (ರವಿಕೆ), ಫೇಟಿಯಾ (ಲಂಗ) ಬಟ್ಟೆಯಲ್ಲಿ ಮಾಡಬಲ್ಲರು. ಎಲ್ಲಿ ಕವಡೆ ಹೊಲಿಯಬೇಕು, ಎಲ್ಲಿ ಜಾಗ ಖಾಲಿ ಬಿಡಬೇಕು ಅನ್ನುವುದು ಅವರಿಗೆ ಬಿಟ್ಟಿದ್ದು. ಬೆಂಗಳೂರಿನ ಕಲಾವಿದರು ಸಹಾಯ ಮಾಡಲಿ, ಆದರೆ ಚಿತ್ರದ ಕೆಳಗೆ ತಮ್ಮ ಹೆಸರು ದೊಡ್ಡದಾಗಿ ಹಾಕಿಕೊಳ್ಳುವುದು ಬೇಡ. ಈ ಖಾಯಿಲೆ ಕಲಾಲೋಕದಲ್ಲೂ ಇದೆ, ಸಿಮ್ಸ್ ಒಬ್ಬನಿಗೇ ಅಲ್ಲ. ಹೆಸರು ಬೇಡ ಅನ್ನುವವರಿಗೆ ಒತ್ತಾಯ ಮಾಡಬಾರದು. ಮುಖ ಕಾಣಿಸಲೇಬೇಕು ಅಂತಿಲ್ಲ. ಗರ್ಭಕೋಶ ಹೋದ ವಿಷಯ ಗಂಡನ ಮನೆಯಲ್ಲಿ ಇವತ್ತಿಗೂ ಮುಚ್ಚಿಟ್ಟವರಿದ್ದಾರೆ.

ಕೆಲಸಕ್ಕೆ ಕೂಲಿ ಕೊಡಬೇಕು, ಸರಿಯಾದ ಕೂಲಿ. ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು ಫೋಟೋ ತೆಗೆಸಿಕೊಳ್ಳುವ ಪೈಕಿ ಆಗಬಾರದು.

ಎಲ್ಲಿ ಇಡಬೇಕು? ಆರ್ಟ್ ಗ್ಯಾಲರಿಯಲ್ಲಿ ಇಟ್ಟರೆ ನೋಡುವವರು ಅದೇ ನಾಲ್ಕು ಜನ. ಜನವರಿಯ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆ ತುಂಬ ಜನ ಇರುತ್ತಾರೆ, ಅಲ್ಲಿ ಒಂದು ಮಳಿಗೆ ಇರಲಿ. ಆದರೆ ಖಾಯಂ ಜಾಗ ಮೆಡಿಕಲ್ ಕಾಲೇಜು. ಡಾಕ್ಟರ್ ಆಗುವ ಮಕ್ಕಳು ಲೇಬರ್ ವಾರ್ಡಿಗೆ ಪೋಸ್ಟಿಂಗ್ ಹೋಗುವ ದಾರಿಯ ಗೋಡೆ. ನರ್ಸಿಂಗ್ ಕಾಲೇಜಿನ ಡೆಮಾನ್‌ಸ್ಟ್ರೇಷನ್ ರೂಮು. ಪಕ್ಕದಲ್ಲಿ ಆನಾರ್ಕ, ಬೆಟ್ಸಿ, ಲೂಸಿಯ ಕಥೆ ಕನ್ನಡದಲ್ಲಿ ಅರ್ಧ ಪುಟ. ಕೇಂದ್ರ ಸರ್ಕಾರದ ಲಕ್ಷ್ಯ ಯೋಜನೆ 2017ರಿಂದ ಇದೆ, ಹೆರಿಗೆ ಕೋಣೆಯಲ್ಲಿ ಗೌರವದಿಂದ ನಡೆದುಕೊಳ್ಳಿ ಅಂತಲೇ ಅದರಲ್ಲಿ ಬರೆದಿದೆ. ನಾವು ಅದನ್ನು ಚೆಕ್‌ಲಿಸ್ಟ್‌ನಲ್ಲಿ ಟಿಕ್ ಹಾಕಿ ಕಳಿಸುತ್ತೇವೆ. ತಪಾಸಣೆಗೆ ಬರುವ ದಿನ ಪರದೆ ಒಗೆಯುತ್ತೇವೆ, ಮರುದಿನ ಎಲ್ಲ ಹಾಗೇ.

ರೋಗಿಗಳು ನೋಡುವ ವಾರ್ಡಿನಲ್ಲಿ ಮಾತ್ರ ಇಂಥ ಕಥೆ ಬೇಡ. ನೋವು ತಿನ್ನುತ್ತಾ ಮಲಗಿದವಳಿಗೆ ಕತ್ತರಿ, ಸೂಜಿ ತೋರಿಸುವುದು ನ್ಯಾಯ ಅಲ್ಲ. ಅಲ್ಲಿ ನಮ್ಮದೇ ಮಕ್ಕಳ ಫೋಟೋ ಹಾಕಿ, ಅದೇ ವಾರ್ಡಿನಲ್ಲಿ ಹುಟ್ಟಿ ಲಸಿಕೆಗೆ ಬರುವ ಮಕ್ಕಳದ್ದು, ತಾಯಂದಿರು ಒಪ್ಪಿದರೆ. ಕಾಡಿಗೆ ಬೊಟ್ಟು, ಸೊಂಟಕ್ಕೆ ಉಡಿದಾರ, ಕಪ್ಪು ಕೆನ್ನೆ, ಎಣ್ಣೆ ಹಚ್ಚಿದ ತಲೆ. ಖರ್ಚು ಫ್ರೇಮಿನದ್ದು ಅಷ್ಟೇ.

ಬೋರ್ಡು, ಸಮಿತಿ, ಟೆಂಡರು ಅಂತ ಶುರುವಾದರೆ ಇದು ಆಗಲ್ಲ ಅನ್ನೋದು ನನಗೂ ಗೊತ್ತು. ಆದರೆ ಯಾವುದಾದರೂ ಒಂದು ಕಾಲೇಜಿನ ಪ್ರಾಂಶುಪಾಲರು ಒಂದು ಗೋಡೆ ಕೊಡುತ್ತೇನೆ ಅಂದರೆ ಸಾಕು. ಕಸೂತಿ ಮಾಡುವವರು ಕಲಬುರಗಿಯಲ್ಲೂ ಇದ್ದಾರೆ, ಇಲ್ಲೇ ನಮ್ಮ ಪಕ್ಕದ ಶೆಡ್ಡುಗಳಲ್ಲೂ ಇದ್ದಾರೆ. ಹಣ ಹೊಂದಿಸುವುದಕ್ಕೆ ನಿವೃತ್ತ ನರ್ಸ್‌ಗಳು ನಾವು ಕೆಲವರು ತಯಾರಿದ್ದೇವೆ. ಹೊಸದಾಗಿ ಸೇರುವ ನರ್ಸಿಂಗ್ ಮಕ್ಕಳಿಗೆ ಟ್ರೇ ಜೋಡಿಸುವುದನ್ನು ಕಲಿಸುವ ದಿನ ಕರೆದರೆ ನಾನೇ ಬರುತ್ತೇನೆ. ಸಿಮ್ಸ್ ಕೈಗೆ ಕೊಟ್ಟು, ಅದನ್ನು ಮೊದಲು ಯಾರ ಮೇಲೆ ಬಳಸಿದರು ಅಂತ ಅಲ್ಲೇ ಹೇಳಿಬಿಡಬಹುದು, ಐದು ನಿಮಿಷದ ಕೆಲಸ. ಗೋಡೆ ಕೊಡುವವರು ನಿಮ್ಮ ಪತ್ರಿಕೆಗೇ ಬರೆಯಲಿ, ದಯವಿಟ್ಟು ನನಗೆ ತಲುಪಿಸಿ.

— ಒಬ್ಬ ನಿವೃತ್ತ ಶುಶ್ರೂಷಕಿ, ಬನಶಂಕರಿ, ಬೆಂಗಳೂರು